ಮುದ್ರೆ ಬಿದ್ದ ಚೂರಿ

"ಗುರುಗಳೇ, ನನ್ನ ಹಾಡುಗಳ ಕೊನೆಗೆ ಯಾವ ಅಂಕಿತ ಇಡಲಿ?" ಎಂದು ಶಿಷ್ಯ ಬಸಲಿಂಗ ಕೇಳಿದ.

ಗುರುಗಳು ಆಗಷ್ಟೇ ದೂರದ ಊರಿನಿಂದ ನಡೆದು ಬಂದು ಗೋಡೆಗೆ ಒರಗಿದ್ದರು. ಈ ಪ್ರಶ್ನೆ ಕೇಳಿ ಕೇಳಿ ಅವರಿಗೆ ಸಾಕಾಗಿತ್ತು. ಬಂದ ಶಿಷ್ಯರೆಲ್ಲ ಇದನ್ನೇ ಕೇಳುತ್ತಾರೆ. ಏನು ಹಾಡಲಿ ಎಂದು ಕೇಳಿದವನು ಒಬ್ಬನೂ ಇಲ್ಲ. ಆದರೂ ಎದುರಿಗೆ ಕೂತವನ ಮುಖ ನೋಡಿ ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಕಮ್ಮಾರನಿದ್ದ. ಚೂರಿ ಮಾಡುವುದು ಅವನ ಕಸುಬು. ಹದ ಹಾಕಿ, ಬಾಯಿ ಮಸೆದು, ಹಿಡಿ ಕೂರಿಸಿದ ಮೇಲೂ ಅವನು ಚೂರಿಯನ್ನು ಕೆಳಗಿಡುತ್ತಿರಲಿಲ್ಲ. ಹಿಡಿದವರ ಹೆಬ್ಬೆರಳು ಚೂರಿಯ ಬೆನ್ನಿನ ಮೇಲೆ ಎಲ್ಲಿ ಕೂರುತ್ತದೋ ಅಲ್ಲಿ ಅರದಿಂದ ಉಜ್ಜಿ ಅಂಚನ್ನು ನುಣುಪು ಮಾಡುತ್ತಿದ್ದ. ಅದು ಯಾರ ಕಣ್ಣಿಗೂ ಬೀಳುವ ಕೆಲಸವಲ್ಲ. ಮಾಡೆಂದು ಯಾರೂ ಹೇಳಿರಲೂ ಇಲ್ಲ.

ಆ ಚೂರಿಗಳನ್ನು ವ್ಯಾಪಾರಿಯೊಬ್ಬ ಕೊಂಡೊಯ್ದು, ಸಂತೆಯಲ್ಲಿ ಬೇರೆಯವರ ಚೂರಿಗಳ ಜೊತೆ ಒಂದೇ ರಾಶಿಗೆ ಸುರಿಯುತ್ತಿದ್ದ. ಅದನ್ನು ಕಂಡಾಗಲೆಲ್ಲ ಕಮ್ಮಾರನಿಗೆ ಹೊಟ್ಟೆ ಉರಿಯುತ್ತಿತ್ತು. ತಲೆ ನರೆಯುವವರೆಗೆ ಬೆಂಕಿಯ ಮುಂದೆ ಬೆಂದದ್ದು ಈ ರಾಶಿಗೆ ಬೀಳುವುದಕ್ಕೇ? ನಾಳೆ ತಾನು ಸತ್ತರೆ, ಇದು ಇಂಥವನ ಕೈಕೆಲಸ ಎಂದು ಹೇಳುವವರು ಯಾರು? ಚೂರಿಗೊಂದು ಮುದ್ರೆ ಬೇಕು ಎಂದುಕೊಂಡ.

ಮೊದಲು ಸಿಂಹದ ಅಚ್ಚು ಕೊರೆದ. ಕಬ್ಬಿಣದ ಮೇಲೆ ಬಿದ್ದಾಗ ಸಿಂಹ ನಾಯಿಯಂತೆ ಕಂಡಿತು. ಸಂತೆಯ ಜನ ನಾಯಿಚೂರಿ ಎಂದು ನಕ್ಕರು. ನವಿಲು ಕೊರೆದ. ಗರಿಗಳ ನಡುವೆ ಮಸಿ ಕೂತು ನವಿಲು ಬರೀ ಕಲೆಯಾಯಿತು. ಕೊನೆಗೆ ಸೂರ್ಯ ಒಪ್ಪಿಗೆಯಾದ. ಆದರೆ ಸೂರ್ಯನೂ ಸುಮ್ಮನೆ ಮೂಡಲಿಲ್ಲ. ಚೂರಿ ಕೆಂಪಗೆ ಕಾದಿರುವಾಗ ಒಂದೇ ಏಟಿಗೆ ಮುದ್ರೆ ಬೀಳಬೇಕು. ಎರಡನೆಯ ಏಟು ಬಿದ್ದರೆ ಸೂರ್ಯರು ಇಬ್ಬರಾಗುತ್ತಾರೆ. ಬಿದ್ದ ಮೇಲೆ ಅದು ಹೊಳೆಯುವ ಹಾಗೆ ಉಜ್ಜಬೇಕು. ಅಷ್ಟು ಮಾಡುವಷ್ಟರಲ್ಲಿ ಅವನ ರಟ್ಟೆ ಸೋತು ಹೋಗುತ್ತಿತ್ತು. ಚೂರಿಯ ಬೆನ್ನು ನುಣುಪು ಮಾಡುವುದೊಂದನ್ನು ಕೈಬಿಟ್ಟರೆ ಯಾರಿಗೆ ತಿಳಿಯುತ್ತದೆ ಎಂದು ಅರವನ್ನು ಗೂಟಕ್ಕೆ ಸಿಕ್ಕಿಸಿದ.

ಒಂದು ದಿನ ಬುಟ್ಟಿ ಹೆಣೆಯುವ ಮುದುಕಿಯೊಬ್ಬಳು ಕುಲುಮೆಗೆ ಬಂದಳು. ದಿನವಿಡೀ ಬಿದಿರು ಸೀಳುವವಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಸೂರ್ಯನ ಮುದ್ರೆಯಿದ್ದ ಹೊಸ ಚೂರಿಯನ್ನು ಅವನ ಮುಂದಿಟ್ಟಳು.

"ಯಪ್ಪಾ, ನಿನ್ನ ಮುದ್ರಿ ಐತಿ ಅಂತ ನಂಬಿ ನನ್ನ ಮಗ ಸಂತ್ಯಾಗ ತಂದಾನ. ಇದು ನಿಂದಲ್ಲ. ಯಾರೋ ನಿನ್ನ ಮುದ್ರಿ ಕದ್ದು ಹೊಡದಾರ. ನಿನ್ನ ಹೆಸರು ಕೆಡಸಾಕ ಹತ್ಯಾರ, ಹುಷಾರಾಗಿರು."

ಆಮೇಲೆ ಸೆರಗಿನಿಂದ ಇನ್ನೊಂದು ಚೂರಿ ತೆಗೆದಳು. ಮಸೆದು ಮಸೆದು ಅದು ಕಡ್ಡಿಯಷ್ಟಾಗಿತ್ತು. ಅದರ ಮೇಲೆ ಯಾವ ಮುದ್ರೆಯೂ ಇರಲಿಲ್ಲ.

"ಇದು ನಿಂದು. ಕಣ್ಣ ಮುಚ್ಚಿ ಹಿಡದರೂ ಹೇಳತೀನಿ. ಬೆನ್ನ ಮ್ಯಾಲೆ ಹೆಬ್ಬಟ್ಟು ಇಟ್ರ ಗೊತ್ತಾಕೈತಿ."

ಕಮ್ಮಾರ ಎರಡೂ ಚೂರಿಗಳ ಬೆನ್ನಿನ ಮೇಲೆ ಹೆಬ್ಬೆರಳು ಎಳೆದು ನೋಡಿದ. ಹೊಸದೂ ಅವನೇ ಮಾಡಿದ್ದು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ದಣಿವಾಯಿತು.

"ಕಳ್ಳ ಯಾರಂತ ಗೊತ್ತಾತು ಬಿಡಬೇ," ಎಂದು ಗೂಟದಲ್ಲಿದ್ದ ಅರವನ್ನು ತೆಗೆದ. ಅವಳು ಕಾದು ಕೂತಳು. ಅವನು ಹೊಸ ಚೂರಿಯ ಬೆನ್ನನ್ನು ಉಜ್ಜತೊಡಗಿದ.

ಗುರುಗಳು ಇಷ್ಟು ಹೇಳಿ ಕಣ್ಣು ಮುಚ್ಚಿದರು. ಬಸಲಿಂಗ ತಡೆಯಲಾರದೆ ಕೇಳಿದ: "ಹಾಗಾದರೆ ಅವನು ಆ ಮುದ್ರೆಯನ್ನು ಎಸೆದುಬಿಟ್ಟನೇ?"

ಗುರುಗಳು ಕಣ್ಣು ತೆರೆಯದೆಯೇ ಅಂದರು: "ನಾಳೆ ನಿನ್ನ ಹಾಡೊಂದನ್ನು ಬೇರೆಯವರ ಬಾಯಲ್ಲಿ ಹಾಡಿಸು, ಅಂಕಿತವಿಲ್ಲದೆಯೇ; ಅದು ನಿನ್ನದೆಂದು ನನಗೆ ಗೊತ್ತಾದರೆ, ಯಾವ ಅಂಕಿತ ಎಂದು ಆಗ ಕೇಳು."