ಹಸಿ ಬೂಸಾದ ತೂಕ

ಕೆಂದಿ ಹಸುವಿಗೆ ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹಸಿ ಬೂಸಾ ತಿಂದು ತಿಂದು ಹೊಟ್ಟೆ ಬಿಗಿದಿತ್ತು, ಆದರೂ ಕರು ಕೆಚ್ಚಲಿಗೆ ಗುದ್ದಿ ಗುದ್ದಿ ಅರಚುತ್ತಿತ್ತು.

ಗೋಡೆಗೊರಗಿದ್ದ ಹಸಿ ಬೂಸಾದ ಚೀಲ ಬೀಗಿತು: "ಸಂತೆಯಲ್ಲಿ ಯಜಮಾನಿ ನಿಂಗವ್ವ ಎತ್ತಿ ನೋಡಿಯೇ ನನ್ನನ್ನು ಆರಿಸಿದಳು. ಅದೇ ಬೆಲೆಗೆ ಒಣ ಹಿಂಡಿಯ ಎರಡರಷ್ಟು ತೂಗುತ್ತೇನೆ. ಇನ್ನೇನು ಬೇಕು ನಿನಗೆ?"

ಮೂಲೆಯಲ್ಲಿ ಉಳಿದಿದ್ದ ಹಳೆಯ ಹಿಂಡಿಯ ತುಂಡು ಹೇಳಿತು: "ಅಕ್ಕಾ, ನನ್ನ ಮಾತೂ ಬೇಡ, ಅದರ ಮಾತೂ ಬೇಡ. ನಿನ್ನ ಕರುವನ್ನೇ ಕೇಳು."

ಕೆಂದಿ ಕತ್ತು ತಿರುಗಿಸಿದಳು. "ಬುಟ್ಟಿಗಟ್ಟಲೆ ತಿಂದಿದ್ದೇನಲ್ಲ ಮಗಾ, ಸಾಲದೆ?"

"ನೀನು ತಿಂದಿರಬಹುದಮ್ಮಾ, ನನ್ನ ಬಾಯಿಗೆ ಬಂದದ್ದು ಬರೀ ನೊರೆ," ಎಂದಿತು ಕರು.

ಚೀಲ ಹುಳಿ ವಾಸನೆ ಹೊಡೆಯುತ್ತಿದೆಯೆಂದು ನಿಂಗವ್ವ ಅದನ್ನು ಬಿಸಿಲಿಗೆ ಎಳೆದಳು. ಇಳಿಹೊತ್ತಿಗೆ ಅದರ ಬುಡದಿಂದ ನೀರು ಇಳಿದು ಅಂಗಳವೆಲ್ಲ ಒದ್ದೆಯಾಗಿತ್ತು. ಅರ್ಧಕ್ಕೆ ಕುಸಿದಿದ್ದ ಚೀಲವನ್ನು ಒಂದೇ ಕೈಯಲ್ಲಿ ಎತ್ತಿದ ನಿಂಗವ್ವ ಬೆಪ್ಪಾಗಿ ನಿಂತಳು.

ಕೆಂದಿ ಕಾಲು ಬಡಿದು, ಎದುರಿನ ಕಲ್ಲುಬಾನಿಯತ್ತ ಮೂತಿ ಚಾಚಿದಳು: "ನೀರೇ ಬೇಕಿದ್ದರೆ ಬಾನಿ ತುಂಬ ಇತ್ತಲ್ಲವ್ವ, ಸಂತೆಗೆ ಯಾಕೆ ಹೋದೆ?"