ಮರಿ ಹುಡುಕಿಕೊಂಡು ಬಂದವರು

ಎಲ್ಲರೂ ಒಳಗೆ ಬಂದಿರಾ? ಹಾಗಾದರೆ ಆ ಬಾಗಿಲು ಹಾಕಿಬಿಡಿ. ಇದು ಪೆದ್ದನ ಕತೆ, ನಗಬೇಕಾದ ಕತೆ. ಆದರೆ ಇದರಲ್ಲಿ ಒಂದು ಚಿರತೆ ಇದೆ. ಬಾಗಿಲು ತೆಗೆದಿಟ್ಟು ಹೇಳೋಕೆ ನನಗೆ ಧೈರ್ಯ ಸಾಲದು.

ಕಬ್ಬಿನ ಗದ್ದೆಗಳ ನಡುವೆ ಒಂದು ಊರು. ಆ ಊರಿನ ಕೊನೇ ಮನೆ ಸಣ್ಣತಾಯಮ್ಮನದು. ಗಂಡ ಇಲ್ಲ, ಇರೋನು ಒಬ್ಬನೇ ಮಗ, ಬೆಟ್ಟಯ್ಯ. ಆಳು ನೋಡಿದರೆ ಬಾಗಿಲ ತುಂಬ ಇದ್ದಾನೆ, ತಲೆಯೊಳಗೆ ಮಾತ್ರ ಒಂದು ಮಾತಿಗಿಂತ ಹೆಚ್ಚಿಗೆ ಜಾಗ ಇಲ್ಲ. ಅವ್ವ ಏನು ಹೇಳಿದಳೋ ಅದನ್ನು ಹೇಳಿದ ಹಾಗೇ ಮಾಡುತ್ತಾನೆ. ಅದೇ ಅವನ ರೋಗ. ಮಾತು ಕೇಳದ ಮಗನನ್ನು ಹೆತ್ತು ಅಳೋರು ಊರ ತುಂಬ ಇದ್ದರು. ಮಾತು ಕೇಳೋ ಮಗನನ್ನು ಹೆತ್ತು ಅತ್ತವಳು ಸಣ್ಣತಾಯಮ್ಮ ಒಬ್ಬಳೇ.

ಆ ವರ್ಷ ಕಬ್ಬಿನೊಳಗೆ ಚಿರತೆ ಸೇರಿಕೊಂಡಿತು. ಮೊದಲು ಕೋಳಿಗಳು ಹೋದವು, ಆಮೇಲೆ ಮೇಕೆಗಳು, ಆಮೇಲೆ ಊರ ನಾಯಿಗಳು ಒಂದೊಂದೇ. ಕೊನೆಗೆ ಬೊಗಳೋಕೆ ಒಂದೂ ಉಳಿಯಲಿಲ್ಲ. ಅದು ಯಾವಾಗ ಬರುತ್ತೆ, ಯಾರ ಹಿತ್ತಲಲ್ಲಿ ಕೂತಿರುತ್ತೆ, ಹೇಳೋರಿಲ್ಲ. ಹೊತ್ತು ಇಳೀತಿದ್ದ ಹಾಗೆ ಜನ ಮಕ್ಕಳನ್ನು ಒಳಗೆ ಎಳೆದುಕೊಂಡು ಚಿಲಕ ಹಾಕೋರು. ಆಮೇಲೆ ಯಾವ ಮನೆಯಲ್ಲೂ ಗಟ್ಟಿ ಮಾತಿಲ್ಲ.

ಆಗ ಸಣ್ಣತಾಯಮ್ಮನ ಅಣ್ಣ ಮೊಗಣ್ಣ ಪಕ್ಕದೂರಿಂದ ಒಂದು ನಾಯಿಮರಿ ತಂದುಕೊಟ್ಟ.

"ಬೆಳೆದ್ರೆ ಬೊಗಳ್ತದೆ ಕಣವ್ವ. ಅಲ್ಲೀಗಂಟ ಒಳಗೇ ಮಡಿಕ್ಕೋ. ಸಂಜೆಮೇಲೆ ಆಚೆ ಬಿಟ್ಯೋ, ಅದರ ಬಾಯಿಗೇ."

ಮನೆಯೊಳಗೆ ಹಲಗೆ ಹೊಡೆದ ದೊಡ್ಡ ಕೋಳಿಗೂಡು ಖಾಲಿ ಬಿದ್ದಿತ್ತು. ಅದೇ ಮರಿಯ ಮನೆಯಾಯಿತು. ಆದರೆ ಮರಿಗೆ ಕಲಿಸಬೇಕಲ್ಲ. ಕತ್ತಲಾದ ಮೇಲೆ ಅದು ಗೂಡಿನಲ್ಲಿ ಸುಮ್ಮನೆ ಮಲಗಬೇಕು, ಕುಂಯ್‌ಗುಟ್ಟಿದರೆ ಕಬ್ಬಿಗೆ ಕೇಳುತ್ತೆ. ಉಚ್ಚೆ ಗಿಚ್ಚೆ ಎಲ್ಲ ಬೆಳಕಿರುವಾಗಲೇ ಆಚೆ ಆಗಬೇಕು. ಇಲ್ಲದಿದ್ದರೆ ಕತ್ತಲಲ್ಲಿ ಬಾಗಿಲು ತೆಗೀಬೇಕಾಗುತ್ತೆ. ಬಾಗಿಲು ತೆಗೆದರೆ ಹೋಗೋದು ಬರೀ ಮರಿ ಅಲ್ಲ.

ಸಣ್ಣತಾಯಮ್ಮ ಕಳೆ ಕೀಳೋಕೆ ಹೊರಟವಳು ಮಗನನ್ನು ಕರೆದಳು.

"ಬೆಟ್ಟಯ್ಯ, ಕೇಳಿಸ್ಕೋ. ಮೂಸ್ಕಂಡು ಮೂಸ್ಕಂಡು ಸುತ್ತು ಹೊಡೀತು ಅಂದ್ರೆ ಉಚ್ಚೆಗೆ ಅವಸರ ಆಗದೆ ಅಂತ. ತಡ ಮಾಡ್ಬ್ಯಾಡ. ಎತ್ಕಂಡು ಹೋಗಿ ತಿಪ್ಪೆ ಮೇಲೆ ಬುಡು. ತಿಳೀತಾ?"

"ತಿಳೀತು ಅವ್ವ."

ಅವಳು ಅತ್ತ ಹೋದಳು. ಇತ್ತ ಮೊಗಣ್ಣ ಉಂಡು ಎದ್ದ. ಎದ್ದವನು ನಶ್ಯ ಏರಿಸಿದ, ಸೊರ ಸೊರ ಮೂಗೆಳೆದ, ಡಬ್ಬಿ ಎಲ್ಲಿಟ್ಟೆ ಅಂತ ನಡುಮನೆಯಲ್ಲಿ ಸುತ್ತಿದ. ಮೂಗೆಳೆದ, ಸುತ್ತಿದ. ಬೆಟ್ಟಯ್ಯ ನೋಡಿದ. ತಡ ಮಾಡಲಿಲ್ಲ. ಮಾವನ ಕಂಕುಳಿಗೆ ಕೈ ಹಾಕಿ ಎತ್ತಿದ.

"ಏ ಬುಡ್ಲಾ, ಎಲ್ಲಿಗ್ಲಾ ಎತ್ಕಂಡು ಹೋಯ್ತಿದ್ದೀಯ?"

"ತಿಪ್ಪೆಗೆ ಮಾವ. ಒಳಗೇ ಮಾಡ್ಬುಟ್ರೆ ಅವ್ವ ಬಯ್ತಾಳೆ."

ಬಿಳೀ ಪಂಚೆಯ ಮಾವನನ್ನು ತಿಪ್ಪೆ ಮೇಲೆ ಕೂರಿಸಿದ. ನೀವು ನಗುತ್ತೀರಿ. ಮೊಗಣ್ಣ ನಗಲಿಲ್ಲ, ಬೈಯಲೂ ಇಲ್ಲ. ತಿಪ್ಪೆ ಇದ್ದದ್ದು ಕಬ್ಬಿಗೆ ಅಂಟಿಕೊಂಡು. ಅವನ ಕೈ ಊರಿದ ಪಕ್ಕದಲ್ಲೇ ಹಸಿ ಗೊಬ್ಬರದಲ್ಲಿ ಒಂದು ಹೆಜ್ಜೆ ಇತ್ತು, ಅಂಗೈ ಅಗಲ, ಇನ್ನೂ ಒಣಗಿರಲಿಲ್ಲ. ಡಬ್ಬಿಯನ್ನೂ ಬಿಟ್ಟು ಆವತ್ತೇ ಊರಿಗೆ ಹೊರಟ.

ಸಣ್ಣತಾಯಮ್ಮ ಬಂದು ಹಣೆ ಚಚ್ಚಿಕೊಂಡಳು.

"ಅಯ್ಯೋ ನಿನ್ನ ಬಾಯಿಗೆ ಮಣ್ಣಾಕ! ಮನೆಗೆ ಬಂದೋರ್ನ ಹಂಗಾ ಮಾಡೋದು? ಅವರು ಏನ್ ಮಾಡುದ್ರೂ ಮಾತಾಡ್ಬಾರ್ದು ಕಣ್ಲಾ. ನಗ್ತಾ ನಗ್ತಾ ಬೆಲ್ಲ ಕೊಟ್ಟು ನೀರು ಕೊಡ್ಬೇಕು. ತಿಳೀತಾ?"

"ತಿಳೀತು ಅವ್ವ."

ಮಾರನೇ ದಿನ ಮರಿ ನಡುಮನೆಯಲ್ಲೇ ಉಚ್ಚೆ ಹುಯ್ದಿತು. ಅದೂ ಮನೆಗೆ ಬಂದದ್ದು ತಾನೇ? ಬೆಟ್ಟಯ್ಯ ಮಾತಾಡಲಿಲ್ಲ. ನಗುತ್ತಾ ನಗುತ್ತಾ ಬೆಲ್ಲ ಕೊಟ್ಟ, ನೀರು ಕೊಟ್ಟ. ನೀರು ಕುಡಿದದ್ದಕ್ಕೆ ಮರಿ ಇನ್ನೊಂದು ಸಲ ಹುಯ್ದಿತು. ಮತ್ತೆ ಬೆಲ್ಲ, ಮತ್ತೆ ನೀರು. ಮರಿ ಪೆದ್ದು ಅಲ್ಲ. ಹುಯ್ದರೆ ಬೆಲ್ಲ ಅಂತ ಮಧ್ಯಾಹ್ನದೊಳಗೆ ಕಲಿತುಬಿಟ್ಟಿತು. ಒಲೆ ಹತ್ತಿರ ಹುಯ್ದಿತು, ಚಾಪೆ ಮೇಲೆ ಹುಯ್ದಿತು, ಬೆಟ್ಟಯ್ಯನ ಮುಖ ನೋಡಿಕೊಂಡೇ ಹುಯ್ದಿತು.

ಸಂಜೆಯಾಯಿತು. ಚಿಲಕ ಬಿತ್ತು. ಹೊಟ್ಟೆ ತುಂಬ ನೀರಿದ್ದ ಮರಿ ಇನ್ನೂ ಬೆಲ್ಲ ಬೇಕು ಅಂತ ಗೂಡು ಕೆರೆದು ಅಳೋಕೆ ಶುರು ಮಾಡಿತು. ಸಣ್ಣತಾಯಮ್ಮ ಅದನ್ನು ಮಡಿಲಿಗೆ ಹಾಕಿಕೊಂಡು ಸೆರಗಿನಿಂದ ಬಾಯಿ ಮುಚ್ಚಿ ಕೂತಳು. ಆಚೆ ಕಬ್ಬು ಸರಸರ ಅಂದಿತು. ಗಾಳಿ ಇರಲಿಲ್ಲ. ಸದ್ದು ಗೋಡೆಯ ಪಕ್ಕಕ್ಕೆ ಬಂತು, ನಿಂತಿತು, ಬಹಳ ಹೊತ್ತು ನಿಂತಿತು, ಆಮೇಲೆ ಹೋಯಿತು. ಅವಳ ಮಡಿಲೆಲ್ಲ ಒದ್ದೆ. ಮರಿ ಮಾಡಿದ್ದು ಅಂತ ಅವಳು ಅಂದುಕೊಂಡಳು. ನಾನೂ ಹಾಗೇ ಅಂದುಕೊಳ್ಳುತ್ತೇನೆ.

ಬೆಳಕಾದ ಮೇಲೆ ಅವಳಿಗೆ ಬೈಯೋಕೆ ದನಿ ಬಂತು.

"ಬೆಲ್ಲ ಕೊಡ್ತೀಯೇನ್ಲಾ, ಬೆಲ್ಲ? ಇನ್ಮೇಲೆ ಮರಿ ಒಳಗೆ ಉಚ್ಚೆ ಹುಯ್ತೋ, ಎತ್ತಿ ಗೂಡಿಗೆ ಹಾಕು. ಮೇಲೆ ಗೋಣಿ ಹೊದಿಸು. ಅತ್ರೂ ತೆಗೀಬ್ಯಾಡ. ಅತ್ತಾಗ ತೆಗುದ್ರೆ ಅಳೋದ್ನೇ ಕಲೀತದೆ. ಸುಮ್ಕಾದ ಮೇಲೆ ನೀನೂ ಉಸಿರೆತ್ತಬ್ಯಾಡ. ಯಾರೇ ಬಂದು ಮಾತಾಡ್ಸಲಿ, ಬಾಯಿ ಬುಡ್ಬ್ಯಾಡ. ಎದ್ರೆ ಮತ್ತೆ ಸುರು. ತಿಳೀತಾ?"

"ತಿಳೀತು ಅವ್ವ."

ಅವಳು ಕಳೆಗೆ ಹೋದಳು. ಪಕ್ಕದ ಮನೆ ಜವನಮ್ಮ ಬಂದಳು. ಸೊಂಟದಲ್ಲಿ ಅವಳ ಮೊಮ್ಮಗ, ಈಗ ತಾನೇ ನಡೆಯೋಕೆ ಕಲಿತ ಕೂಸು. ನಮ್ಮ ಕಡೆ ಮಗುವನ್ನು ಏನಂತ ಕರೀತೀವಿ? ಹೆಸರು ಹಿಡಿದು ಕರೆಯೋ ಅಜ್ಜಿ ಎಲ್ಲಿದ್ದಾಳೆ?

"ಬೆಟ್ಟಯ್ಯ, ನಮ್ಮ ಮರೀನ ಒಸಿ ನೋಡ್ಕೊಳ್ಳಪ್ಪ. ಒಂದ್ ಬಿಂದಿಗೆ ನೀರು ತಂದ್ಬುಡ್ತೀನಿ."

"ಹೂಂ ಅತ್ತೆ."

ಅವಳು ತಿರುಗುತ್ತಿದ್ದ ಹಾಗೇ ಕೂಸು ನಡುಮನೆಯಲ್ಲಿ ಉಚ್ಚೆ ಹುಯ್ದಿತು. ಮರಿ ಒಳಗೆ ಉಚ್ಚೆ ಹುಯ್ದರೆ ಏನು ಮಾಡಬೇಕು? ಬೆಟ್ಟಯ್ಯನಿಗೆ ಗೊತ್ತು. ಒದ್ದೆ ಚಡ್ಡಿ ಬಿಚ್ಚಿ ಹಿತ್ತಲ ಬಾಗಿಲಿಂದ ತಿಪ್ಪೆಗೆ ಎಸೆದ. ಗೂಡಿನಲ್ಲಿ ನಾಯಿಮರಿ ಮಲಗಿತ್ತು, ಅದರ ಪಕ್ಕಕ್ಕೇ ಈ ಮರಿಯನ್ನೂ ಹಾಕಿದ. ಬಾಗಿಲು ಮುಚ್ಚಿದ, ಗೋಣಿ ಹೊದಿಸಿದ. ಕೂಸು ಅತ್ತಿತು. ತೆಗೆಯಲಿಲ್ಲ. ಕೂಸು ಬಿಕ್ಕಿತು. ತೆಗೆಯಲಿಲ್ಲ. ಆಮೇಲೆ ನಾಯಿಮರಿ ಬೆಚ್ಚಗಿತ್ತೋ ಏನೋ, ಸುಮ್ಮನಾಯಿತು.

ಜವನಮ್ಮ ಬಂದಳು. "ಮರಿ ಎಲ್ಲಪ್ಪ?"

ಬೆಟ್ಟಯ್ಯ ತುಟಿ ಮೇಲೆ ಬೆರಳಿಟ್ಟ.

"ಮರಿ ಎಲ್ಲೋ?"

ಬೆಟ್ಟಯ್ಯ ಕಣ್ಣು ಬಿಟ್ಟ, ಎರಡೂ ಕೈ ಆಡಿಸಿದ, ಬೆವತ. ಎಲ್ಲಿ ಎದ್ದುಬಿಡುತ್ತೋ ಅಂತ ಅವನ ಭಯ. ಜವನಮ್ಮ ಅವನ ಮುಖ ನೋಡಿದಳು, ತೆರೆದಿದ್ದ ಹಿತ್ತಲ ಬಾಗಿಲು ನೋಡಿದಳು, ಓಡಿದಳು. ತಿಪ್ಪೆ ಮೇಲೆ ಮಗುವಿನ ಚಡ್ಡಿ. ಚಡ್ಡಿ ಪಕ್ಕದಲ್ಲಿ ಆ ಹೆಜ್ಜೆ. ಬಿಂದಿಗೆ ಕೈಯಿಂದ ಜಾರಿತು, ಅವಳು ಅಲ್ಲೇ ಕುಸಿದಳು.

ಊರಿಗೆ ಊರೇ ಬಂತು. ದೊಣ್ಣೆ ಬಂತು, ಮಚ್ಚು ಬಂತು, ಬಡಿಯೋಕೆ ತಗಡಿನ ಡಬ್ಬ ಬಂತು. ಯಾರು ಏನು ಕೇಳಿದರೂ ಬೆಟ್ಟಯ್ಯ ತುಟಿ ಮೇಲಿನ ಬೆರಳು ತೆಗೆಯಲಿಲ್ಲ. ಎಲ್ಲರನ್ನೂ ಆಚೆಗೆ ತಳ್ಳಿದ.

"ಕಣ್ಣಾರೆ ಕಂಡವ್ನೆ," ಅಂದರು ಜನ. "ಅದಕ್ಕೇ ನಾಲಿಗೆ ಬಿದ್ದೋಗದೆ."

ಗಂಡಸರು ಕಬ್ಬಿನೊಳಗೆ ನುಗ್ಗಿದರು. ಡಬ್ಬದ ಸದ್ದು ದೂರ ದೂರ ಹೋಯಿತು. ಸಣ್ಣತಾಯಮ್ಮ ಗದ್ದೆಯಿಂದ ಓಡಿ ಬಂದಾಗ ಜವನಮ್ಮ ಮಣ್ಣಲ್ಲಿ ಹೊರಳಿ ಅಳುತ್ತಿದ್ದಳು. ತನ್ನ ಮನೆಯಲ್ಲಿ, ತನ್ನ ಮಗನ ಕೈಯಲ್ಲಿದ್ದ ಕೂಸು. ಸಣ್ಣತಾಯಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಗನ ಎರಡೂ ಭುಜ ಹಿಡಿದಳು.

"ಬಾಯಿ ಬುಡೋ ನನ್ನಪ್ಪ. ಏನಾಯ್ತು ಹೇಳೋ."

ಬೆಟ್ಟಯ್ಯ ಬಗ್ಗಿ ಅವ್ವನ ಕಿವಿಯಲ್ಲಿ ಅಂದ, "ಮೆಲ್ಲಗೆ ಅವ್ವ. ಮರಿ ಈಗ ತಾನೆ ಮಲಗದೆ."

ಅವಳು ಒಳಗೆ ಓಡಿ ಗೋಣಿ ಎಳೆದಳು. ನಾಯಿಮರಿಯ ಹೊಟ್ಟೆ ಮೇಲೆ ತಲೆ ಇಟ್ಟು ಕೂಸು ನಿದ್ದೆ ಮಾಡುತ್ತಿತ್ತು. ಜವನಮ್ಮ ಕೂಸನ್ನು ಎದೆಗೆ ಒತ್ತಿಕೊಂಡಳು, ಯಾರನ್ನೂ ಬೈಯಲಿಲ್ಲ. ಕಬ್ಬಿನಿಂದ ಬಂದ ಗಂಡಸರೂ ಬೈಯಲಿಲ್ಲ. ಕಬ್ಬಿನ ಕಡೆಗೇ ತಿರುಗಿ ನಿಂತರು.

"ಅಲ್ಲೇ ಅದೆ," ಅಂದ ಒಬ್ಬ. "ಮಲಗಿದ್ದ ಜಾಗ ಇನ್ನೂ ಬಿಸಿ ಇತ್ತು. ಎಬ್ಬಿಸ್ಬುಟ್ವಿ. ಇವತ್ತು ಯಾರೂ ಕದ ತೆಗೀಬ್ಯಾಡಿ."

ಎಲ್ಲರೂ ಹೋದ ಮೇಲೆ ಸಣ್ಣತಾಯಮ್ಮ ಅಳುತ್ತಲೇ ಬೈದಳು.

"ಹೆತ್ತ ಹೊಟ್ಟೆಗೆ ಬೆಂಕಿ ಹಾಕ್ದ್ಯಲ್ಲೋ! ಹುಡುಕ್ಕಂಡು ಬಂದೋರ ಸಂಕಟ ನಿಂಗೆ ಕಾಣದೇನ್ಲಾ? ಇನ್ಮೇಲೆ ಯಾರೇ ಮರಿ ಹುಡುಕ್ಕಂಡು ಬರ್ಲಿ, ಬಾಯಿ ಮುಚ್ಕಂಡು ನಿಂತ್ಕಬ್ಯಾಡ. ಬಾಗಿಲು ತೆಗುದು, ಇಲ್ಲೇ ಅದೆ ಬನ್ನಿ ಅಂತ ಕರ್ದು, ಅವರ ಕೈಗೆ ಕೊಡು. ತಿಳೀತಾ?"

"ತಿಳೀತು ಅವ್ವ."

ಆ 'ತಿಳೀತು' ಕೇಳಿದರೆ ನನಗೆ ಚಿರತೆಗಿಂತ ಹೆಚ್ಚು ಹೆದರಿಕೆ.

ಮುಸ್ಸಂಜೆಯಾಯಿತು. ಚಿಲಕ ಹಾಕಿಯಾಗಿತ್ತು. ಸಣ್ಣತಾಯಮ್ಮ ಒಲೆ ಮುಂದೆ ಮುದ್ದೆ ತಿರುವುತ್ತಿದ್ದಳು. ಆವತ್ತು ಮರಿ ಯಾರೂ ಹೇಳದೆ ತಾನೇ ಗೂಡಿಗೆ ಹೋಗಿ ಮಲಗಿತ್ತು, ಕುಂಯ್ ಅನ್ನಲಿಲ್ಲ. ಕಲಿತುಬಿಟ್ಟಿತಲ್ಲ ಅಂತ ಅವಳಿಗೆ ಒಂದು ಗಳಿಗೆ ಸಮಾಧಾನವೂ ಆಯಿತು. ಅಷ್ಟರಲ್ಲಿ ಗೋಡೆಯಾಚೆ ಸರಸರ. ಆಮೇಲೆ ಬಾಗಿಲ ಸಂದಿಯಲ್ಲಿ ಉಸಿರು. ಮೂಸುವ ಉಸಿರು, ಉದ್ದಕ್ಕೆ. ಅವಳ ಕೈಯಲ್ಲಿ ಮುದ್ದೆ ಕೋಲು ನಿಂತಿತು. ಸದ್ದಾಗದಿರಲಿ ಅಂತ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಬೆಟ್ಟಯ್ಯ ಕಿವಿಗೊಟ್ಟ. "ಯಾರೋ ಮರಿ ಹುಡುಕ್ಕಂಡು ಬಂದವ್ರೆ ಕಣವ್ವ," ಅಂದ. ಪಾಪ, ಎಷ್ಟು ಸಂಕಟವೋ ಅಂತ ಮರಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ, ಚಿಲಕ ತೆಗೆದ, ಬಾಗಿಲನ್ನು ಪೂರ್ತಿ ತೆರೆದ.

"ಇಲ್ಲೇ ಅದೆ, ಬನ್ನಿ ಬನ್ನಿ."

ದೊಣ್ಣೆ ನೋಡಿದ್ದ ಚಿರತೆ, ಡಬ್ಬದ ಸದ್ದು ಕೇಳಿದ್ದ ಚಿರತೆ. ಬಾಗಿಲು ತೆಗೆದು ಬನ್ನಿ ಅಂದವರು ಅದರ ಜನ್ಮದಲ್ಲಿ ಯಾರೂ ಇರಲಿಲ್ಲ. ಇದರಲ್ಲಿ ಏನೋ ಮೋಸ ಇದೆ ಅಂತ ಗಕ್ಕನೆ ತಿರುಗಿ ಕಬ್ಬಿಗೆ ನುಗ್ಗಿತು.

"ಅಯ್ಯೋ, ನಿಲ್ಲಿ. ಮರಿ ಬುಟ್ಟು ಹೋಯ್ತಾ ಇದ್ದೀರಿ," ಅಂತ ಬೆಟ್ಟಯ್ಯ ಮರಿಯ ಸಮೇತ ಹಿಂದೆ ಓಡಿದ. ಓಡುತ್ತಾ ಅವ್ವನಿಗೆ ಹೇಳಿದ, "ಚುಕ್ಕೆ ರಗ್ಗು ಹೊದ್ದವ್ರೆ ಕಣವ್ವ, ಯಾರೋ ನಾಚ್ಕೆಯೋರು." ಕಬ್ಬು ಅವನನ್ನು ಮುಚ್ಚಿಕೊಂಡಿತು.

ಸಣ್ಣತಾಯಮ್ಮ ಹೊಸ್ತಿಲಲ್ಲಿ ನಿಂತಳು. ಬೈಯಬೇಕು ಅನ್ನಿಸಲಿಲ್ಲ. ಬೈದರೆ ಅದನ್ನೂ ಕಲಿಯುತ್ತಾನೆ. ಓಡಬೇಡ ಅಂದರೆ ಅಲ್ಲೇ ನಿಲ್ಲುತ್ತಾನೆ. ನಿಲ್ಲು ಅಂದರೂ ಅಲ್ಲೇ ನಿಲ್ಲುತ್ತಾನೆ. ಯಾವ ಮಾತು ಹೇಳಿದರೆ ತನ್ನ ಮಗ ಜೀವಂತ ಬರುತ್ತಾನೆ ಅಂತ ಅವಳಿಗೆ ತಿಳಿಯಲಿಲ್ಲ. ಕೊನೆಗೆ, ಅವನು ತೊಟ್ಟಿಲಲ್ಲಿದ್ದಾಗ ಕರೆದ ಹಾಗೆ ಕರೆದಳು.

"ಮರಿ, ಬಾ ಮರಿ. ಅವ್ವನ ಹತ್ರ ಬಂದ್ಬುಡು ನನ್ನ ಮರಿ."

ಕಬ್ಬು ಅಲುಗಿತು. ಸರಸರ ಸದ್ದು ಮನೆ ಕಡೆಗೆ ಬಂತು. ಅವಳು ಎರಡೂ ಕೈ ಚಾಚಿದಳು. ಕಬ್ಬಿನ ಗರಿ ಸರಿಸಿಕೊಂಡು ನಾಯಿಮರಿ ಒಂದೇ ಆಚೆ ಬಂತು.

ಕಬ್ಬಿನ ಒಳಗಿಂದ, ಬಹಳ ದೂರದಿಂದ, ಬೆಟ್ಟಯ್ಯನ ದನಿ ಕೇಳಿಸಿತು.

"ಅವ್ವಾ, ನೀ ಕರುದ್ಯಲ್ಲ, ಮರೀನ ಕಳ್ಸಿವ್ನಿ, ಬಾಗಿಲು ಹಾಕ್ಕೋ. ಮರಿ ಮನೇಲೇ ಅದೆ ಅಂತ ಇವರಿಗೆ ಒಂದ್ ಮಾತು ಹೇಳ್ಬುಟ್ಟು ಬತ್ತೀನಿ."