ಕಾರಭಾರಿ ಸರಿಸಿದ ಗಡಿಕಲ್ಲು

ಬಯಲುಸೀಮೆಯ ಒಂದು ರಾಜ್ಯ. ಅಲ್ಲಿ ಹೊಳೆಯ ದಂಡೆಗೆ ತಾಯವ್ವ ಅಂತ ಒಬ್ಬಳಿದ್ದಳು. ಕೇಳಿ ಮಕ್ಕಳೇ, ಅವಳಿಗೆ ಹೊಲವಿರಲಿಲ್ಲ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಉಸುಕಿನಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದಳು. ಅದೇ ಅವಳ ಅನ್ನ. ಎಲ್ಲದಕ್ಕೂ 'ಯಾಕೆ' ಅನ್ನುವುದು ಅವಳ ಚಾಳಿ.

ರಾಜ ಹೊಳೆಗೆ ಅಣೆಕಟ್ಟು ಕಟ್ಟಿಸಿದ. ಉಸುಕು ಮುಳುಗಿತು, ಊರು ಮುಳುಗಿತು, ಊರಿನ ದಾರಿಯೂ ಮುಳುಗಿತು. ಹೊಸ ರಸ್ತೆ ಬಂತು, ಸೇತುವೆ ಬಂತು. ಬಿತ್ತಿ ಉಣ್ಣಲು ನೆಲ ಮಾತ್ರ ಬರಲಿಲ್ಲ.

"ಮುಳುಗಿದವರಿಗೆ ದಂಡೆಯಲ್ಲಿ ನೆಲ ಕೊಡು" ಎಂದು ರಾಜ ಕಾರಭಾರಿ ಗದಿಗೆಪ್ಪನಿಗೆ ಹೇಳಿದ. ಗದಿಗೆಪ್ಪ ಸರಿಯಾಗಿ ನೀರಿನ ಅಂಚಿಗೇ ಕಲ್ಲು ನೆಟ್ಟ.

"ಕಲ್ಲಿನ ಮ್ಯಾಲಿಂದು ನಂದು, ಕೆಳಗಿಂದು ನಿಮ್ದು. ಮೀನಿನ ಜೋಡಿ ಬಿತ್ಕೊಳ್ರಿ" ಎಂದು ನಕ್ಕ.

ಜನ ಅತ್ತರು. ತಾಯವ್ವ ದಿನಾ ಹೋಗಿ ನೀರು ನೋಡಿದಳು. ಇಷ್ಟು ನೀರು ಹೀಗೇ ನಿಂತೀತೆ? ಬೇಸಿಗೆ ಬಂತು, ಕಾಲುವೆಗೆ ನೀರು ಬಿಟ್ಟರು, ಅಂಚು ಇಳಿಯಿತು. ಕಲ್ಲಿನ ಕೆಳಗೆ, ಹೊಳೆ ತಂದು ಹಾಕಿದ ಬೆಣ್ಣೆಯಂಥ ರೇವೆ ಮಣ್ಣು ಎದ್ದಿತು. ಜನ ಕಲ್ಲಂಗಡಿ ಬಿತ್ತಿದರು.

ಗದಿಗೆಪ್ಪನ ಹೊಟ್ಟೆ ಉರಿಯಿತು. ಕಲ್ಲು ಕಿತ್ತು ಹೊಸ ಅಂಚಿಗೆ ನೆಟ್ಟ. ಬಿತ್ತಿದ್ದೆಲ್ಲ ಅವನ ಪಾಲಾಯಿತು. ನೀರು ಮತ್ತೆ ಇಳಿಯಿತು, ಜನ ಮತ್ತೆ ಬಿತ್ತಿದರು, ಅವನು ಮತ್ತೆ ಕಿತ್ತು ನೆಟ್ಟ. ಮೂರನೆಯ ಸಲ ಹೊತ್ತು ತರುವಾಗ ಸೊಂಟವೇ ಹಿಡಿದುಕೊಂಡಿತು; ಕಲ್ಲನ್ನು ಅರ್ಧ ದಾರಿಯಲ್ಲೇ ಇಳಿಸಿದ.

ತಾಯವ್ವ ಅಲ್ಲೇ, ನೀರಿನಿಂದ ಎದ್ದ ಹುಣಸೆ ಬೊಡ್ಡೆ ನೋಡುತ್ತ ನಿಂತಿದ್ದಳು. ತಲೆಗಿಂತ ಬಹಳ ಮೇಲೆ, ನೀರು ನಿಂತಿದ್ದ ಬಿಳಿ ಗೆರೆ. ಇಳಿದದ್ದು ಏರದೇ ಇದ್ದೀತೆ?

"ಯಾಕ್ರೀ ಧಣೇರ, ಹೊತ್ತು ಹೊತ್ತು ಸಾಯೋದು?" ಎಂದಳು. "ಕೆಳಗಿಂದೇ ಚಲೋ ಅನಿಸಿದ್ರ ಅದನ್ನ ನೀವ ತಗೋರಿ. ಕಲ್ಲಿನ ಮ್ಯಾಲಿಂದು ನಮಗ ಬಿಡ್ರಿ. ಆದ್ರ ಇನ್ನ ಕಲ್ಲು ಕದಲಬಾರದು. ರಾಜರ ಮುಂದ ಮಾತು ಕೊಡ್ರಿ."

ಕೆಳಗಿನ ಕಪ್ಪು ರೇವೆ ನೋಡಿ ಗದಿಗೆಪ್ಪನ ಬಾಯಲ್ಲಿ ನೀರೂರಿತು. ಕಲ್ಲನ್ನು ಇಳಿಸಿದಲ್ಲೇ ನೆಟ್ಟು, ರಾಜನ ಮುಂದೆ ಮಾತು ಕೊಟ್ಟ. ಕಲ್ಲಿನ ಕೆಳಗೇ ಕೊಟ್ಟಿಗೆ ಕಟ್ಟಿದ, ಕಣಜ ಕಟ್ಟಿದ, ಮನೆಯನ್ನೂ ಕಟ್ಟಿದ.

ಮಳೆಗಾಲ ಬಂತು. ಮೊದಲು ಕೊಟ್ಟಿಗೆ ಮುಳುಗಿತು, ಆಮೇಲೆ ಕಣಜ, ಆಮೇಲೆ ಮನೆ. ಗದಿಗೆಪ್ಪ ಒದ್ದೆ ಧೋತರದಲ್ಲೇ ರಾಜನ ಬಳಿಗೆ ಓಡಿದ.

"ನನ್ನ ದಂಡಿ ನನಗ ಕೊಡಸ್ರಿ, ಮಹಾರಾಜರ."

"ಕಲ್ಲು ಎಲ್ಲೈತಿ?"

"ನೀರಾಗ ಐತ್ರೀ, ತಳದಾಗ."

"ಹಂಗಾದ್ರ ಈ ದಂಡಿಯೆಲ್ಲ ಕಲ್ಲಿನ ಮ್ಯಾಲಿಂದೇ ಆತಲ್ಲೋ" ಎಂದ ರಾಜ.

ದಂಡೆಯ ಮೇಲೆ ಹೊಸ ಊರು ಎದ್ದಿತು. ಗದಿಗೆಪ್ಪನ ಗುಡಿಸಲಿಗೂ ಜಾಗ ಬಿಟ್ಟುಕೊಟ್ಟವಳು ತಾಯವ್ವನೇ. ನೋಡಿ ಮಕ್ಕಳೇ, ಕಂಡವರ ನೆಲಕ್ಕೆ ಗಡಿ ಸರಿಸುವವನು ಒಂದು ದಿನ ತನ್ನ ನೆಲವನ್ನೇ ಕಳೆದುಕೊಳ್ಳುತ್ತಾನೆ.